ತಂಗಿ ಕಾಳು

ಸೊಸೆಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವಾರಕ್ಕೆ ಈ ಮನೆಯಲ್ಲಿ ಹಿತ್ತಲಿನ ಮಾತು ಎದ್ದಿತು.

ಎತ್ತಿದವನು ಮಗ. ಅವನು ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದವನು ತಾಯಿಯ ಮುಖ ನೋಡದೆ, ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಬೆರಳಿನಿಂದ ಒತ್ತುತ್ತ ಹೇಳಿದ:

"ಅಮ್ಮ, ಹಿಂದಗಡೆ ಒಂದು ರೂಮು ಎತ್ತಿಸೋಣ ಅಂತ."

"ಎಲ್ಲಿ ಹಿಂದಗಡೆ?"

"ಹಿತ್ತಲಲ್ಲಿ."

"ಹಿತ್ತಲಲ್ಲಿ ಕಾಳು ಹಾಕೋದಿದೆ. ಮಣ್ಣು ಅಗೆದಾಗಿದೆ."

"ಕಾಳು ಅಂಗಡೀಲಿ ಸಿಗುತ್ತಮ್ಮ. ಅವರಮ್ಮನಿಗೆ ಮಲಗೋಕೆ ಜಾಗ ಅಂಗಡೀಲಿ ಸಿಗಲ್ಲ."

ಟೈಲರಮ್ಮ ಎದ್ದು ತನ್ನ ಹೊಲಿಗೆಗೆ ಹೋದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಎಪ್ಪತ್ತರ ಹತ್ತಿರ ಬಂದಿದ್ದರೂ ಮುಂದಿನ ಹಾಲಿನ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಅಂಗಿ, ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಮನೆಗೆ ಇದ್ದದ್ದು ಒಂದು ಹಾಲು, ಎರಡು ಕೋಣೆ, ಅಡುಗೆಮನೆ. ಹಿಂದೆ ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಹಿತ್ತಲು. ಅಲ್ಲಿ ವರ್ಷಕ್ಕೊಂದು ಸಲ ಬಳ್ಳಿ ಬೀನ್ಸ್ ಹಾಕಿ, ಕಾಯಿ ಬಳ್ಳಿಯಲ್ಲೇ ಒಣಗುವವರೆಗೆ ಬಿಟ್ಟು, ಕಾಳು ಬಿಡಿಸಿ ಡಬ್ಬಿಗೆ ತುಂಬುತ್ತಿದ್ದಳು. ಹಾಲಿನಂಥ ಬಿಳಿ ಕಾಳು; ಮೊಳಕೆಯ ಕಣ್ಣಿನ ಸುತ್ತ ಮಾತ್ರ ಕಡುಗೆಂಪಿನ ಉಂಗುರ. ಅಂಗಡಿಯಲ್ಲಿ ಅಂಥದ್ದು ಎಲ್ಲೂ ಸಿಗುತ್ತಿರಲಿಲ್ಲ. ಅವಳ ತಾಯಿ ಸಂತೆಯ ಬಿಳಿ ಕಾಳಿನ ಮಧ್ಯೆ ಸಿಕ್ಕ ಒಂದೇ ಒಂದು ಉಂಗುರದ ಕಾಳನ್ನು ಬಿತ್ತಿ, ಆರು ವರ್ಷ ಆರಿಸಿ ಆರಿಸಿ, ಎಲ್ಲ ಕಾಳಿಗೂ ಉಂಗುರ ಬರುವಂತೆ ಮಾಡಿದ್ದಳು.

ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಆ ಮಧ್ಯಾಹ್ನ ಅವಳು ಡ್ಯೂಟಿಯಲ್ಲಿದ್ದಳು. ಸಂಜೆ ಬಂದು ಗಂಡನ ಮುಖ ನೋಡಿದ ಕೂಡಲೇ ಉತ್ತರ ಏನೆಂದು ಗೊತ್ತಾಯಿತು. ಚಪ್ಪಲಿಯನ್ನು ಮೂಲೆಗೆ ಎಸೆದು ಒಳಗೆ ಹೋದಳು. ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದೇ ಮಾತು.

ದಾರಿ ಹುಡುಕಿದವಳು ಮೊಮ್ಮಗಳು. ಎರಡು ವರ್ಷದ ಕೂಸಾಗಿದ್ದಾಗ ಅಜ್ಜಿಯ ಮಿಷನ್ ಕೆಳಗೆ ಕೂತು ಅಂಗಿಯ ಗುಂಡಿಯೊಂದನ್ನು ನುಂಗಿ, ಮೂರು ದಿನ ಮನೆಮಂದಿಯನ್ನೆಲ್ಲ ಕಾಯಿಸಿದ್ದರಿಂದ ಅವಳಿಗೆ ಗುಂಡಿ ಎಂದೇ ಹೆಸರು. ಈಗ ಕೃಷಿ ಕಾಲೇಜಿನ ಎರಡನೇ ವರ್ಷ.

"ಅಜ್ಜಿ, ನಿನಗೆ ಬೇಕಾಗಿರೋದು ಹಿತ್ತಲೋ, ಕಾಳೋ?"

"ಹಿತ್ತಲಿಲ್ಲದೆ ಕಾಳೆಲ್ಲಿ? ಎರಡು ವರ್ಷ ಬಿತ್ತದೇ ಹೋದ್ರೆ ಡಬ್ಬಿಲೇ ಮುಗ್ಗಲು ಹಿಡಿದು ಸಾಯುತ್ತೆ."

"ಬೀಜ ಸಂಗ್ರಹ ಕೇಂದ್ರ ಅಂತ ಇದೆ. ಹಳೇ ತಳಿಗಳನ್ನ ತಣ್ಣಗೆ ಕಾಪಾಡ್ತಾರೆ. ನೀನು ಹೋದ್ಮೇಲೂ, ನಾನು ಹೋದ್ಮೇಲೂ ಇರುತ್ತೆ. ಆದ್ರೆ ಸುಮ್ನೆ ತಗೊಳಲ್ಲ. ಇದು ಬೇರೆ ತಳಿ ಹೌದಾ, ಎಲ್ಲಿಂದ ಬಂತು ಅಂತ ಪರೀಕ್ಷೆ ಮಾಡ್ತಾರೆ. ಒಂದು ಬೆಳೆ ಅವರು ಹೇಳಿದ ಹಾಗೆ ಬೆಳೀಬೇಕು."

ಟೈಲರಮ್ಮ ದಾರ ಹಲ್ಲಿನಲ್ಲಿ ಕಡಿದು ಯೋಚಿಸಿದಳು. ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಸೊಸೆಗೆ ನೇರವಾಗಿ ಹೇಳಿದಳು:

"ಈ ಒಂದು ಬೆಳೆ ಬಿಡು. ಕಾಳು ಒಂದು ಕಡೆ ಭದ್ರವಾಯ್ತು ಅಂದ ದಿನ ಇಟ್ಟಿಗೆ ತರಿಸು. ನಾನು ತುಟಿ ಪಿಟಕ್ ಅನ್ನಲ್ಲ."

"ಎಷ್ಟು ದಿನ ಅತ್ತೆ?"

"ನೂರು."

ಸೊಸೆ ಗಂಡನ ಕಡೆ ನೋಡಿದಳು. ಅವನು ನೀರಿನ ಲೋಟದ ಕಡೆ ನೋಡಿದ.

"ಸರಿ," ಎಂದಳು. ಅದು ಸರಿ ಎನ್ನುವ ದನಿಯಾಗಿರಲಿಲ್ಲ.

ಮುಂದಿನ ವಾರ ಕೇಂದ್ರದಿಂದ ಕನ್ನಡಕದ ಹೆಂಗಸೊಬ್ಬಳು ಬಂದಳು. ಮನೆಯವರು ಅವಳನ್ನು ಬೀಜದ ಮೇಡಂ ಎಂದು ಕರೆಯತೊಡಗಿದರು. ಡಬ್ಬಿಯ ಕಾಳನ್ನು ಬಿಳಿ ಕಾಗದದ ಮೇಲೆ ಸುರಿದು, ಚಿಮಟಿಯಲ್ಲಿ ಒಂದೊಂದೇ ಎತ್ತಿ ನೋಡಿ, ಸ್ವಲ್ಪ ಲಕೋಟೆಗೆ ಹಾಕಿಕೊಂಡಳು. ತಾನು ತಂದಿದ್ದ ಬೇರೆ ಎರಡು ತಳಿಗಳ ಕಾಳು ಕೊಟ್ಟು, ಮೂರನ್ನೂ ಮೂರು ಸಾಲಾಗಿ ಒಂದೇ ದಿನ ಬಿತ್ತಬೇಕು; ಹೂ ಎಷ್ಟನೇ ದಿನ ಬಂತು, ಬಣ್ಣ ಏನು, ಕಾಯಿಯ ಮೇಲೆ ಗೆರೆ ಉಂಟೋ ಇಲ್ಲವೋ, ಒಂದು ಕಾಯಲ್ಲಿ ಎಷ್ಟು ಕಾಳು, ನೂರು ಕಾಳಿನ ತೂಕ ಎಷ್ಟು, ಎಲ್ಲ ಬರೆಯಬೇಕು ಎಂದಳು. ಆಮೇಲೆ ಫಾರಂ ತೆಗೆದಳು.

"ಕಾಳು ಯಾರಿಂದ ಬಂತು?"

"ಅಮ್ಮನಿಂದ."

"ಅವರು ಬೇರೆ ಯಾರಿಗಾದರೂ ಕೊಟ್ಟಿದ್ದರಾ? ನೆರೆಯವರು, ನೆಂಟರು?"

"ಯಾರಿಗೂ ಇಲ್ಲ. ಅಪ್ಪನಿಗೆ ಅದೆಲ್ಲ ಆಗ್ತಿರಲಿಲ್ಲ."

"ನಿಮಗೆ ಅಕ್ಕ ತಂಗಿ?"

ಟೈಲರಮ್ಮ ಮಿಷನ್‌ನ ಚಕ್ರವನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿದಳು. "ಇಲ್ಲ."

ಬಿತ್ತಿದ ಐದನೇ ದಿನ ಮೊಳಕೆ ಬಂತು. ಗುಂಡಿ ಕಾಲೇಜಿಗೆ ಹೋಗುವ ಮುಂಚೆ ನೋಟುಬುಕ್ಕು ಹಿಡಿದು ಸಾಲುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಳು. ಟೈಲರಮ್ಮ ಕೋಲು ನೆಟ್ಟು, ಬಳ್ಳಿ ಹಬ್ಬಲು ಹೊಲಿಗೆಯ ಹಳೆಯ ಅಂಚುಪಟ್ಟಿಗಳನ್ನು ಕಟ್ಟಿದಳು. ಕೇಂದ್ರದ ಎರಡು ಸಾಲುಗಳಲ್ಲಿ ಬಿಳಿ ಹೂ ಬಂತು. ಇವರ ಸಾಲಿನಲ್ಲಿ ನಲವತ್ತಾರನೇ ದಿನ, ತೆಳು ನೇರಳೆ.

"ನೋಡಿದ್ಯಾ," ಎಂದಳು ಟೈಲರಮ್ಮ, ತಾನೇ ಹೆತ್ತವಳಂತೆ.

ಅದೇ ದಿನಗಳಲ್ಲಿ ಸೊಸೆ ಡ್ಯೂಟಿ ಮುಗಿಸಿ ಎರಡು ಬಸ್ಸು ಬದಲಿಸಿ ತಮ್ಮನ ಮನೆಗೆ ಹೋಗುತ್ತಿದ್ದಳು. ಆಪರೇಷನ್ ಆದ ತಾಯಿಯನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಮೂರನೇ ಮಹಡಿಗೆ ಹೊತ್ತಿದ್ದರು. ಮೈ ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸಿ ಮನೆಗೆ ಬರುವಾಗ ಎಂಟೂವರೆ. ಸಂಜೆಯ ಅಡುಗೆ ಅತ್ತೆಯ ಪಾಲಿಗೆ ಬಂತು. ಉಪ್ಪು ಹೆಚ್ಚಾದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಒಂದು ಸಂಜೆ ಸೊಸೆ ಬಂದವಳು ಬ್ಯಾಗು ಕೆಳಗಿಡದೆ ಹಿತ್ತಲ ಬಾಗಿಲಲ್ಲಿ ನಿಂತಳು. ಟೈಲರಮ್ಮ ಬಳ್ಳಿಯ ಹುಳು ಆರಿಸುತ್ತಿದ್ದಳು.

"ಅಮ್ಮನ ಬೆನ್ನಲ್ಲಿ ಹುಣ್ಣಾಗಿದೆ," ಎಂದಳು ಸೊಸೆ. "ಮಲಗಿ ಮಲಗಿ. ಹಗಲೆಲ್ಲ ಮಗ್ಗುಲು ಬದಲಿಸೋರು ಇಲ್ಲ. ನಾನು ದಿನಾ ಊರೋರ ಬೆನ್ನಿಗೆಲ್ಲ ಡ್ರೆಸ್ಸಿಂಗ್ ಮಾಡ್ತೀನಿ. ನನ್ನ ಅಮ್ಮನ ಬೆನ್ನು ಕೊಳೀತಿದೆ."

"ಅಯ್ಯೋ, ತುಂಬಾ ದೊಡ್ಡದಾ?"

"ನಿಮ್ಮ ಅಮ್ಮನ ಕಾಳಿಗೆ ಈ ಮನೇಲಿ ಜಾಗ ಇದೆ ಅತ್ತೆ. ನನ್ನ ಅಮ್ಮನಿಗೆ ಇಲ್ಲ."

ಮಗ ಒಳಗಿನಿಂದ, "ಏಯ್, ಏನು ಮಾತು ಅದು?" ಎಂದ.

"ನೀವು ಸುಮ್ನಿರಿ. ಎರಡು ತಿಂಗಳಿಂದ ಸುಮ್ನೆ ಇದ್ದೀರಲ್ಲ, ಹಾಗೇ ಇರಿ."

ಟೈಲರಮ್ಮ ಕೈಯಲ್ಲಿದ್ದ ಹುಳುವಿನ ಡಬ್ಬಿ ಕೆಳಗಿಟ್ಟಳು. ಅವಳ ಬಾಯಲ್ಲಿ ಒಂದು ಬಿರುಸಾದ ಮಾತು ಸಿದ್ಧವಾಗಿತ್ತು. ಆದರೆ ಸೊಸೆಯ ಪಾದ ಕಣ್ಣಿಗೆ ಬಿತ್ತು: ಚಪ್ಪಲಿಯ ಪಟ್ಟಿ ಊದಿದ ಮಾಂಸದೊಳಗೆ ಹೂತುಹೋಗಿತ್ತು. ಅವಳು ಕೈ ತೊಳೆದುಕೊಂಡು ಹಾಲಿಗೆ ಹೋದಳು. ಮಗನನ್ನು ಕರೆದಳು.

"ಈ ಮಿಷನ್ ಹಿಡಿ. ಜಗುಲಿಗೆ ಹಾಕು."

"ಜಗುಲೀಲಿ ಬಿಸಿಲು ಬೀಳುತ್ತಮ್ಮ."

"ಬೀಳಲಿ, ನಾನೇನು ಬೆಣ್ಣೆಯಾ? ಬೀಗಿತಿ ಮಂಚ ಇಲ್ಲಿ ಕಿಟಕಿ ಪಕ್ಕ ಬರಲಿ. ಗಾಳಿ ಬರುತ್ತೆ. ಹಗಲು ನಾನು ಮನೇಲೇ ಇರ್ತೀನಲ್ಲ, ಮಗ್ಗುಲು ಬದಲಿಸೋಕೆ ನರ್ಸೇ ಆಗ್ಬೇಕಾ?"

ಮಾರನೇ ದಿನವೇ ಬೀಗಿತಿ ಬಂದಳು. ಬೇಕರಿಯ ವ್ಯಾನಿನಲ್ಲಿ, ಬ್ರೆಡ್ಡಿನ ಖಾಲಿ ಟ್ರೇಗಳ ನಡುವೆ ಹಾಸಿಗೆ ಹಾಕಿ ಕರೆತಂದರು. "ಬನ್ನಿನ ಹಾಗೆ ತಂದ್ರಪ್ಪ ನನ್ನ," ಎಂದು ಅವಳು ನಕ್ಕದ್ದಕ್ಕೆ ಎಷ್ಟೋ ದಿನಗಳ ಮೇಲೆ ಮನೆಮಂದಿಯೆಲ್ಲ ನಕ್ಕರು. ಸೊಸೆ ಮಾತ್ರ ಅಡುಗೆಮನೆಗೆ ಹೋಗಿ ಮುಖ ತೊಳೆದು ಬಂದಳು. ಹಾಲಿನಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ. ಅಳತೆ ಕೊಡಲು ಬಂದ ಹೆಂಗಸರು ಜಗುಲಿಯಲ್ಲಿ ನಾಚಿಕೊಂಡು ನಿಲ್ಲುತ್ತಿದ್ದರು. ರೂಮು ಬೇಕೇಬೇಕಿತ್ತು; ಆದರೆ ಅದರ ಮಾತಿನಲ್ಲಿ ಈಗ ಮೊದಲಿನ ಕಾವಿರಲಿಲ್ಲ.

ತೊಂಬತ್ತೆಂಟನೇ ದಿನ ಒಣ ಕಾಯಿ ಕಿತ್ತರು. ಬೀಗಿತಿಯ ಹಾಸಿಗೆಯ ಮೇಲೆ ಪೇಪರು ಹಾಸಿ, ಅವಳ ಕೈಯಲ್ಲೂ ಕಾಯಿ ಬಿಡಿಸಿದರು. ನೂರು ಕಾಳು, ನಲವತ್ತೊಂದು ಗ್ರಾಂ. ಗುಂಡಿ ನೋಟುಬುಕ್ಕನ್ನೂ ಕಾಳನ್ನೂ ಕೇಂದ್ರಕ್ಕೆ ಕೊಟ್ಟು ಬಂದಳು.

ಮೂರು ವಾರದ ಮೇಲೆ ಬೀಜದ ಮೇಡಂ ತಾನೇ ಬಂದಳು. ಜಗುಲಿಯಲ್ಲಿ ಸ್ಟೂಲಿನ ಮೇಲೆ ಕೂತು ಟೀ ಲೋಟವನ್ನು ಸುಮ್ಮನೆ ಹಿಡಿದುಕೊಂಡಿದ್ದಳು.

"ಅಮ್ಮ, ನಿಮ್ಮ ಕಾಳು ಬೇರೆ ತಳಿ ನಿಜ. ಅಂಗಡಿಯ ಯಾವ ತಳಿಗೂ ಹೊಂದಲ್ಲ. ಆದರೆ ಹೊಸದಾಗಿ ಸೇರಿಸೋಕೆ ಆಗಲ್ಲ. ಇದೇ ಕಾಳು ನಮ್ಮಲ್ಲಿ ಆಗಲೇ ಇದೆ."

"ಸಾಧ್ಯವೇ ಇಲ್ಲ."

"ನಮಗೂ ನಂಬಿಕೆ ಬರಲಿಲ್ಲ. ಅದಕ್ಕೇ ಡಿಎನ್‌ಎ ಪರೀಕ್ಷೆ ಮಾಡಿಸಿದ್ವಿ. ಎರಡೂ ಒಂದೇ. ಏಳು ವರ್ಷದ ಹಿಂದೆ ವಯಸ್ಸಾದ ಹೆಂಗಸೊಬ್ಬರು ಕೊಟ್ಟಿದ್ದಾರೆ, ಮಿಲ್ಲಿನ ಊರಿನವರು. ಇನ್ನು ಮಣ್ಣಲ್ಲಿ ಕೂತು ಏಳೋಕೆ ಆಗಲ್ಲ, ನೀವು ಇಟ್ಕೊಳ್ಳಿ ಅಂದ್ರಂತೆ. ದಾಖಲೆ ಪುಸ್ತಕದಲ್ಲಿ ಕಾಳಿನ ಹೆಸರು 'ತಂಗಿ ಕಾಳು' ಅಂತಿದೆ."

ಟೈಲರಮ್ಮ ಎದ್ದು ನಿಂತಳು. ಮತ್ತೆ ಕೂತಳು. ತೊಡೆಯ ಮೇಲಿದ್ದ ಅರ್ಧ ಹೊಲಿದ ಅಂಗಿ ನೆಲಕ್ಕೆ ಜಾರಿತು.

"ಎತ್ತರ ಇದ್ರಾ?" ಎಂದು ಕೇಳಿದಳು.

ಆ ದಿನ ಅವಳು ಮನೆಯವರಿಗೆ ಹೇಳಿದಳು, ಐವತ್ತಮೂರು ವರ್ಷ ಹೇಳದಿದ್ದುದನ್ನು. ಅವಳಿಗೊಬ್ಬ ಅಕ್ಕನಿದ್ದಳು. ಇಪ್ಪತ್ತೊಂದನೇ ವಯಸ್ಸಿಗೆ ಮಿಲ್ಲಿನ ಕೆಲಸಗಾರನೊಬ್ಬನ ಜೊತೆ ಹೊರಟಳು. ಬಟ್ಟೆ ತುಂಬಿಕೊಳ್ಳುವುದನ್ನು ನೋಡಿದ ತಂಗಿ, ಆಗ ಹದಿನಾರರವಳು, ಅಕ್ಕ ಹೋಗಿಬಿಡುತ್ತಾಳಲ್ಲ ಎಂಬ ಸಂಕಟಕ್ಕೆ ಅಪ್ಪನಿಗೆ ಹೇಳಿಬಿಟ್ಟಳು. ಅಪ್ಪ ಬಸ್ ನಿಲ್ದಾಣಕ್ಕೆ ಹೋಗಿ, ಜನರೆದುರು ಅಕ್ಕನ ಕೆನ್ನೆಗೆ ಹೊಡೆದು, ಇನ್ನು ನೀನು ನಮ್ಮ ಪಾಲಿಗೆ ಸತ್ತೆ ಎಂದು ಬಂದ. ಅಕ್ಕ ಬಸ್ಸು ಹತ್ತಿದಳು. ಮನೆಯಲ್ಲಿ ಅವಳ ಹೆಸರೆತ್ತಲು ಬಿಡಲಿಲ್ಲ. ಯಾವ ಊರು ಎಂದು ತಂಗಿಗೆ ಗೊತ್ತಾಗಲೇ ಇಲ್ಲ. ಎಷ್ಟೋ ವರ್ಷ ಪೇಟೆಯ ಗುಂಪಿನಲ್ಲಿ ಎತ್ತರದ ಹೆಂಗಸಿನ ಬೆನ್ನು ಕಂಡರೆ ಹೆಜ್ಜೆ ಜೋರು ಮಾಡುತ್ತಿದ್ದಳು.

"ಅಮ್ಮ, ನನಗೆ ದೊಡ್ಡಮ್ಮ ಇದ್ದಾಳಾ?" ಎಂದ ಮಗ. ಐವತ್ತರ ಹತ್ತಿರದ ಗಂಡಸು ಮಗುವಿನ ಹಾಗೆ ಕೇಳಿದ.

ಗುಂಡಿ ಬೇರೇನೋ ಯೋಚಿಸುತ್ತಿದ್ದಳು. "ಅಜ್ಜಿ, ನಿಮ್ಮಮ್ಮ ಈ ಕಾಳು ಬೆಳೆಸೋಕೆ ಶುರು ಮಾಡಿದ್ದು ಯಾವಾಗ?"

"ಅವಳು ಹೋದ ಮರುವರ್ಷ."

"ಹಾಗಾದ್ರೆ ಅವರು ಮನೆ ಬಿಡೋವಾಗ ಕಾಳೇ ಇರಲಿಲ್ಲ. ಆಮೇಲೆ ಯಾರೋ ಕೊಂಡೊಯ್ದು ಕೊಟ್ಟಿದ್ದಾರೆ."

ಕೊಡಬಲ್ಲವಳು ಒಬ್ಬಳೇ. ಬೀಗಿತಿ ಮಂಚದಿಂದ ಮೆಲ್ಲಗೆ, "ತಾಯಿ ಹೊಟ್ಟೆ ಕಣ್ರೀ," ಎಂದಳು.

ವರ್ಷಕ್ಕೊಮ್ಮೆ, ಕಾಳು ಕಿತ್ತ ಮೇಲೆ, ಅಮ್ಮ ಕಣ್ಣಿನ ಡಾಕ್ಟರಿಗೆ ತೋರಿಸುವ ನೆಪದಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದುದು ಟೈಲರಮ್ಮನಿಗೆ ನೆನಪಿತ್ತು. ಅವಳ ಕಣ್ಣಿಗೆ ಕೊನೆಯವರೆಗೂ ಕನ್ನಡಕ ಬರಲಿಲ್ಲ.

"ನನಗೆ ಹೇಳಲಿಲ್ಲ ನೋಡು," ಎಂದಳು. "ನನ್ನ ಕೈಲೇ ಕಾಳು ಆರಿಸಿಕೊಂಡು, ನನಗೇ ಹೇಳಲಿಲ್ಲ."

ಕೇಂದ್ರದವರು ವಿಳಾಸ ಕೊಡುವಂತಿರಲಿಲ್ಲ. ತಾವೇ ಪತ್ರ ಬರೆದು ಒಪ್ಪಿಗೆ ಕೇಳುತ್ತೇವೆ ಎಂದರು. ಟೈಲರಮ್ಮ ದಿನವೂ ಜಗುಲಿಯಲ್ಲಿ ಫೋನನ್ನು ಕತ್ತರಿಯ ಪಕ್ಕದಲ್ಲೇ ಇಟ್ಟುಕೊಂಡು ಹೊಲಿದಳು. ಒಂದು ಅಂಗಿಗೆ ಎರಡೂ ಎಡ ತೋಳು ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿದಳು. ಅವಳ ಊಟ ಅರ್ಧಕ್ಕೆ ಇಳಿಯಿತು. ಹದಿನೇಳನೇ ದಿನ ಫೋನು ಬಂತು. ಮಧ್ಯವಯಸ್ಸಿನ ಹೆಂಗಸಿನ ದನಿ.

"ಚಿಕ್ಕಮ್ಮನಾ? ನಾನು ಅವರ ಮಗಳು. ಅಮ್ಮನಿಗೆ ಫೋನಲ್ಲಿ ಸರಿಯಾಗಿ ಕೇಳ್ಸಲ್ಲ. ನಿಮ್ಮನ್ನ ಒಂದು ಮಾತು ಕೇಳು ಅಂದ್ಲು. ಬರೋದು ಬರೀ ಕಾಳಿನ ವಿಷಯಕ್ಕಾ, ಅವಳನ್ನ ನೋಡೋಕಾ, ಅಂತ."

"ಅವಳನ್ನ ನೋಡೋಕೆ," ಎಂದಳು ಟೈಲರಮ್ಮ. "ಕಾಳು ಯಾರಿಗೆ ಬೇಕು."

ಯಾರು ಜೊತೆಗೆ ಹೋಗುವುದು ಎಂದಾಗ ಮಗ, ಗುಂಡಿ ಇಬ್ಬರೂ ತಯಾರಿದ್ದರು. ಸೊಸೆ, "ನಾನು ಹೋಗ್ತೀನಿ, ರಜ ಹಾಕ್ತೀನಿ. ಅಮ್ಮನ್ನ ನೀವಿಬ್ರು ನೋಡ್ಕೊಳ್ಳಿ," ಎಂದಳು.

ಬಸ್ಸಿನಲ್ಲಿ ಬರೀ ಎರಡೂವರೆ ಗಂಟೆಯ ದಾರಿ. ಟೈಲರಮ್ಮ ಕಂಡಕ್ಟರನನ್ನು ಎರಡು ಸಲ ಕೇಳಿದಳು, "ಇಷ್ಟೇನಾ?" ಎಂದು.

ಮಿಲ್ಲಿನ ಕೆಲಸಗಾರರ ಹಳೆಯ ಸಾಲುಮನೆ. ಬಾಗಿಲು ತೆಗೆದೇ ಇತ್ತು. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಎತ್ತರವೆಲ್ಲ ಬಾಗಿ ಬೆನ್ನಿಗೆ ಹೋಗಿತ್ತು. ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಕೂದಲೆಲ್ಲ ಎಲ್ಲಿ ಹೋಯ್ತೇ? ಎರಡು ಜಡೆ ಹಾಕ್ತಿದ್ದೆ."

"ಉದುರಿ ಹೋಯ್ತು ಅಕ್ಕ."

"ಕೂತ್ಕೋ. ಊಟ ಮಾಡ್ತೀಯಾ?"

ಊಟವಾಗುವವರೆಗೂ ಬೇರೆ ಮಾತೇ. ಯಾರಿಗೆಷ್ಟು ಮಕ್ಕಳು, ಯಾರ ಗಂಡ ಯಾವಾಗ ಹೋದ, ಮಂಡಿನೋವಿಗೆ ಏನು ಹಚ್ಚುತ್ತೀಯ. ಸೊಸೆ ಗೋಡೆಗೊರಗಿ ಕೂತು ಇಬ್ಬರನ್ನೂ ನೋಡುತ್ತಿದ್ದಳು. ತಟ್ಟೆ ಎತ್ತಿದ ಮೇಲೆ ಟೈಲರಮ್ಮ ನೆಲದ ಮೇಲೆ, ಅಕ್ಕನ ಕಾಲ ಬಳಿ ಜರುಗಿದಳು.

"ಅಕ್ಕ, ಅವತ್ತು ಅಪ್ಪನಿಗೆ ಹೇಳಿದ್ದು..."

"ನೀನೇ. ಇನ್ಯಾರು ಹೇಳ್ತಾರೆ? ಮನೇಲಿ ಇದ್ದಿದ್ದೇ ನಾಲ್ಕು ಜನ." ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಎರಡು ವರ್ಷ ನಿನಗೆ ಹಿಡಿಶಾಪ ಹಾಕಿದೆ. ಆಮೇಲೆ ಅಮ್ಮ ಕಾಳು ತಂದಳು. ತಂಗಿ ಕಳಿಸಿದ್ದಾಳೆ, ನಿನಗೇ ಅಂತ ಒಂದೊಂದೇ ಆರಿಸಿದ್ದಾಳೆ, ಬರೋಕೆ ಮುಖ ಇಲ್ಲ ಅಂತಾಳೆ ಅಂದಳು. ಅವತ್ತೇ ಹೋಯ್ತು ನೋಡು ನನ್ನ ಕೋಪ. ವರ್ಷಾ ವರ್ಷಾ ಕಳಿಸಿದೆ ನೀನು. ಒಂದು ವರ್ಷವೂ ತಪ್ಪಿಸಲಿಲ್ಲ. ಬೀದಿಯವರಿಗೆಲ್ಲ ಹಂಚಿ ಹೇಳ್ತಿದ್ದೆ, ನನ್ನ ತಂಗಿ ಕಾಳು ಅಂತ."

ಟೈಲರಮ್ಮ ಬಾಯಿ ತೆರೆದಳು.

"ನಾನೂ ಸುಮ್ನಿರಲಿಲ್ಲಪ್ಪ," ಎಂದಳು ಅಕ್ಕ. "ಮಿಲ್ಲಿನ ಬಟ್ಟೆಯ ಕೊನೇ ತುಂಡುಗಳು ಅಗ್ಗಕ್ಕೆ ಸಿಗ್ತಿದ್ವು. ಹೂವಿನ ಚಿತ್ರದ್ದು, ಗೆರೇದು, ಒಳ್ಳೊಳ್ಳೇದು ಎತ್ತಿಟ್ಟು ಅಮ್ಮನ ಕೈಲಿ ಕಳಿಸ್ತಿದ್ದೆ. ಬಂತು ತಾನೆ? ಅದ್ರಲ್ಲೇ ಹೊಲಿಗೆ ಕಲಿತಳು ಅಂತ ಅಮ್ಮ ಹೇಳಿದ್ಲು. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ."

"ಬಂತು ಅಕ್ಕ," ಎಂದಳು ಟೈಲರಮ್ಮ. "ಎಲ್ಲಾ ಬಂತು."

"ಮತ್ತೆ ಅಮ್ಮ ಹೋದ್ಮೇಲೆ ಯಾಕೇ ನಿಲ್ಲಿಸಿದೆ?" ಅಕ್ಕನ ದನಿ ಮೊದಲ ಬಾರಿಗೆ ಒಡೆಯಿತು. "ಇನ್ನು ತರೋರು ಯಾರೂ ಇಲ್ಲ, ಈಗ ನೀನೇ ತರ್ತೀಯ ಅಂದ್ಕೊಂಡೆ. ಕಾಳು ಕೀಳೋ ಕಾಲ ಬಂದ್ರೆ ಆ ಬಾಗಿಲು ಹಾಕ್ತಿರಲಿಲ್ಲ ನಾನು. ಇವಳನ್ನ ಕೇಳು."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು.

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ನನಗೆ ಗೊತ್ತೇ ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಅದು ನಿಜವೂ ಆಗಿತ್ತು.

"ತಪ್ಪಾಯ್ತು ಅಕ್ಕ," ಎಂದಳು ಟೈಲರಮ್ಮ. "ನಾಚಿಕೆ ಆಯ್ತು. ಬರಬೇಕಿತ್ತು."

ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು, ತೆಳುವಾದ ಕೂದಲನ್ನು ಎರಡು ಭಾಗ ಮಾಡಿ ಕಿವಿಯ ಹಿಂದೆ ಸರಿಸಿದಳು. ಬಸ್ಸಿನ ಹೊತ್ತಾಗುವವರೆಗೂ ಆ ಕೈ ಅಲ್ಲೇ ಇತ್ತು.

ವಾಪಸು ಬರುವಾಗ ಬಸ್ಸು ಅರ್ಧ ದಾರಿ ಕಳೆಯಿತು. ಆಮೇಲೆ ಸೊಸೆ ಕೇಳಿದಳು:

"ಯಾಕೆ ಅತ್ತೆ ನಿಜ ಹೇಳಲಿಲ್ಲ? ನೀವು ಬೇಕಂತ ನಿಲ್ಲಿಸಿದ್ದಲ್ಲವಲ್ಲ. ಸುಮ್ಮನೆ ತಪ್ಪು ತಲೆ ಮೇಲೆ ಹಾಕ್ಕೊಂಡ್ರಿ."

"ಒಂದು ಸಲ ನಿಜ ಹೇಳಿ ನೋಡಿದ್ದೀನಲ್ಲಮ್ಮ." ಟೈಲರಮ್ಮ ಕಿಟಕಿಯ ಕಡೆ ತಿರುಗಿದಳು. "ನಾಳೆ ಇಟ್ಟಿಗೆಯವನಿಗೆ ಹೇಳು. ಕಾಳು ಅವಳೇ ಭದ್ರ ಮಾಡಿಟ್ಟಿದ್ದಾಳೆ, ನನ್ನದೇನೂ ಬಾಕಿ ಇಲ್ಲ."

"ಆಗಲಿ. ನಿಧಾನಕ್ಕೆ ನೋಡೋಣ."

"ನಿಧಾನ ಯಾಕೆ? ನಿಮ್ಮಮ್ಮ ಇನ್ನೂ ಹಾಲಲ್ಲೇ ಇರಬೇಕಾ?"

ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೋ ಹೇಳುವಂತೆ ಹೇಳಿದಳು:

"ಆ ತುಂಡು ಬಟ್ಟೆ ತಂದಾಗೆಲ್ಲ ನಾನು ಅಮ್ಮನ ಜೊತೆ ಜಗಳ ಆಡ್ತಿದ್ದೆ. ಇದೆಂಥಾ ಚಿಂದಿ ತರ್ತೀಯ, ಒಂದು ಸಲನಾದ್ರೂ ಪೂರ್ತಿ ಬಟ್ಟೆ ತರಬಾರದಾ ಅಂತ. ಅಮ್ಮ ಏನೂ ಅಂತಿರಲಿಲ್ಲ. ಮಡಚಿ ಮಡಚಿ ಇಡ್ತಿದ್ದಳು."

ಆಗ ಅವಳು ಅತ್ತಳು. ಸದ್ದಿಲ್ಲದೆ, ಬಾಯಿಗೆ ಸೆರಗು ಒತ್ತಿಕೊಂಡು, ಹೆಗಲು ಮಾತ್ರ ಕುಲುಕುತ್ತಿತ್ತು. ಸೊಸೆ ಅವಳ ತೊಡೆಯ ಮೇಲಿನ ಚೀಲವನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವರು ಇಳಿಯಬೇಕಾದ ನಿಲ್ದಾಣ ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ಮನೆಯಲ್ಲಿ ತಾಯಿಗೆ ಸಂಜೆಯ ಡ್ರೆಸ್ಸಿಂಗ್ ಬಾಕಿ ಇತ್ತು. ಸೊಸೆ ಗಡಿಯಾರ ನೋಡಿಕೊಂಡಳು, ಕದಲಲಿಲ್ಲ. ಬಸ್ಸು ಹೊರಟಿತು.

ಮುಂದಿನ ನಿಲ್ದಾಣದಲ್ಲಿ ಇಳಿದು, ಇಬ್ಬರೂ ನಡೆದುಕೊಂಡೇ ಮನೆಗೆ ಬಂದರು.